ಒಂದು ಜೀವಕ್ಕಾಗಿ ಊರೆಲ್ಲ ಕೂಡಿಟ್ಟ ಹಣ

ಒಬ್ಬರ ಅಂಗವನ್ನು ಇನ್ನೊಬ್ಬರಿಗೆ ಕಸಿ ಮಾಡಿ ಸಾಯುವವರನ್ನು ಬದುಕಿಸಬಹುದೆಂದು ವೈದ್ಯವಿಜ್ಞಾನ ತೋರಿಸಿಕೊಟ್ಟಿದ್ದು 1954ರಲ್ಲಿ. ಆ ವರ್ಷದ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಸಂಗಡಿಗರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಯಶಸ್ವಿಯಾದರು. ಈ ಸಾಧನೆಗಾಗಿ ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಶಸ್ತ್ರವೈದ್ಯರ ಹೆಸರುಗಳನ್ನು ಚರಿತ್ರೆ ನೆನಪಿಟ್ಟುಕೊಂಡಿದೆ. ಆದರೆ ಈ ಚಿಕಿತ್ಸೆಗೆ ಇನ್ನೊಂದು ಚರಿತ್ರೆಯೂ ಇದೆ. ಅದು ಹಣ ಹೊಂದಿಸಿದವರ ಚರಿತ್ರೆ.

ಮನೆಯವರೊಬ್ಬರನ್ನು ಉಳಿಸಿಕೊಳ್ಳಲು ಬಂಧುಬಳಗ, ಓಣಿಯವರು, ಕೊನೆಗೆ ಅಪರಿಚಿತರ ಮುಂದೆಯೂ ಕೈಚಾಚಿದ ಸಂಸಾರಗಳು ಎಲ್ಲ ದೇಶಗಳಲ್ಲೂ ಇವೆ. ಈ ಕೈಚಾಚುವಿಕೆ ಹೆಚ್ಚು ಬಹಿರಂಗವಾಗಿ ನಡೆದಿದ್ದು ಅಮೆರಿಕದಲ್ಲಿ. ಎಲ್ಲ ಪ್ರಜೆಗಳಿಗೂ ಅನ್ವಯಿಸುವ ಸರ್ಕಾರಿ ಆರೋಗ್ಯ ವಿಮೆ ಆ ಶ್ರೀಮಂತ ದೇಶದಲ್ಲಿ ಇರಲಿಲ್ಲ. ಅಲ್ಲಿ ಒಂದೊಂದು ಸಂಸಾರದ ಮೊರೆಯೂ ಕಾಲಕ್ರಮದಲ್ಲಿ ಒಂದೊಂದು ಶಾಸನಕ್ಕೆ ದಾರಿಮಾಡಿತು. ಆ ಶಾಸನಗಳು ಏನನ್ನು ಕೊಟ್ಟವು, ಏನನ್ನು ಮರೆತವು ಎಂಬುದನ್ನು ತಿಳಿಯುವುದು ಇಂದಿಗೂ ಉಪಯುಕ್ತ.

ಸಿಯಾಟಲ್‌ನ ಏಳು ಮಂದಿ

ಮೊದಲು ಎದುರಾದದ್ದು ಡಯಾಲಿಸಿಸ್‌ನ ಪ್ರಶ್ನೆ. ಕೆಟ್ಟ ಮೂತ್ರಪಿಂಡದ ಕೆಲಸವನ್ನು ಯಂತ್ರದಿಂದ ಮಾಡಿಸುವ ಈ ವಿಧಾನ ಹಿಂದೆಯೂ ಇತ್ತು. ಆದರೆ ಪ್ರತಿ ಸಲವೂ ರಕ್ತನಾಳವನ್ನು ಹೊಸದಾಗಿ ಕೊಯ್ಯಬೇಕಾಗಿದ್ದರಿಂದ ಕೆಲವು ಸಲಕ್ಕಿಂತ ಹೆಚ್ಚು ನಡೆಸಲಾಗುತ್ತಿರಲಿಲ್ಲ. 1960ರಲ್ಲಿ ಸಿಯಾಟಲ್ ನಗರದ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರೋಗಿಯ ತೋಳಿನಲ್ಲಿ ಸದಾ ಇರುವಂತಹ ಟೆಫ್ಲಾನ್ ನಳಿಕೆಯನ್ನು ರೂಪಿಸಿದರು. ಅಲ್ಲಿಯವರೆಗೆ ಕೆಲವೇ ವಾರಗಳಲ್ಲಿ ಸಾಯುತ್ತಿದ್ದವರು ವರ್ಷಗಟ್ಟಲೆ ಬದುಕುವಂತಾಯಿತು.

ಆದರೆ ಯಂತ್ರಗಳು ಕೆಲವೇ ಇದ್ದವು. ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿ ಖರ್ಚು ಬರುತ್ತಿತ್ತು. 1962ರಲ್ಲಿ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಕೇಂದ್ರ ಆರಂಭವಾದಾಗ, ಯಾರಿಗೆ ಯಂತ್ರ ಕೊಡಬೇಕೆಂದು ತೀರ್ಮಾನಿಸಲು ಏಳು ಮಂದಿಯ ಸಮಿತಿಯೊಂದು ರಚನೆಯಾಯಿತು. ಅದರಲ್ಲಿ ಒಬ್ಬ ಪಾದ್ರಿ, ಒಬ್ಬ ವಕೀಲ, ಒಬ್ಬ ಬ್ಯಾಂಕಿನವ, ಒಬ್ಬ ಕಾರ್ಮಿಕ ನಾಯಕ, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ ಮತ್ತು ಒಬ್ಬ ಶಸ್ತ್ರವೈದ್ಯ ಇದ್ದರು. ರೋಗಿಗೆ ಎಷ್ಟು ಮಕ್ಕಳು, ಎಷ್ಟು ಆದಾಯ, ಚರ್ಚಿಗೆ ಹೋಗುತ್ತಾನೆಯೇ, ಊರಿಗೆ ಉಪಕಾರಿಯೇ ಎಂಬುದೆಲ್ಲ ಅಲ್ಲಿ ಚರ್ಚೆಯಾಗುತ್ತಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ 'ಲೈಫ್' ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಅವರು ಈ ಸಮಿತಿಯ ಬಗ್ಗೆ ಬರೆದಾಗ ದೇಶವೇ ಬೆಚ್ಚಿತು. ಯಾರು ಬದುಕಬೇಕು, ಯಾರು ಸಾಯಬೇಕು ಎಂದು ನೆರೆಹೊರೆಯವರು ಕುಳಿತು ನಿರ್ಧರಿಸುವುದೇ ಎಂಬ ಪ್ರಶ್ನೆ ಎದ್ದಿತು.

ಹಿಟ್ಟಿನ ಪೊಟ್ಟಣದ ಚೀಟಿ

ಸಮಿತಿಯ ಕೃಪೆ ಸಿಗದ ಊರುಗಳಲ್ಲಿ ಜನರೇ ಹಣ ಕೂಡಿಸಲು ಹೊರಟರು. ಚರ್ಚುಗಳಲ್ಲಿ ಊಟದ ಕೂಟಗಳು, ತಿಂಡಿ ಮಾರಾಟ, ಲಾಟರಿ, ಎಲ್ಲವೂ ನಡೆದವು. ಇವುಗಳಲ್ಲಿ ವಿಚಿತ್ರವಾದದ್ದು ಚೀಟಿ ಸಂಗ್ರಹ. ಜನರಲ್ ಮಿಲ್ಸ್ ಕಂಪನಿಯು 'ಬೆಟ್ಟಿ ಕ್ರಾಕರ್' ಹೆಸರಿನಲ್ಲಿ ಮಾರುತ್ತಿದ್ದ ಹಿಟ್ಟು ಮತ್ತು ಕೇಕ್ ಮಿಶ್ರಣದ ಪೊಟ್ಟಣಗಳ ಮೇಲೆ ಚೀಟಿಗಳಿರುತ್ತಿದ್ದವು. ಅವನ್ನು ಕತ್ತರಿಸಿ ಕೂಡಿಟ್ಟರೆ ಚಮಚ, ಪಾತ್ರೆಗಳನ್ನು ಪಡೆಯಬಹುದಾಗಿತ್ತು. 1970ರ ಆಸುಪಾಸಿನಲ್ಲಿ ಊರಿನ ಹೆಂಗಸರು ಚಮಚವನ್ನು ಬಿಟ್ಟು, ಲಕ್ಷಗಟ್ಟಲೆ ಚೀಟಿಗಳನ್ನು ಒಟ್ಟುಮಾಡಿ ಡಯಾಲಿಸಿಸ್ ಯಂತ್ರಗಳನ್ನೇ ತರಿಸಿಕೊಂಡರು.

ಯಂತ್ರ ಬಂದರೂ ಅದಕ್ಕೆ ಬೇಕಾದ ಸಾಮಗ್ರಿಗೆ ಪ್ರತಿ ವಾರವೂ ಹಣ ಬೇಕು. ಇದನ್ನು ದೇಶದ ಶಾಸಕರ ಕಣ್ಣಮುಂದೆ ಇಟ್ಟವರು ಶೆಪ್ ಗ್ಲೇಝರ್. ಡಯಾಲಿಸಿಸ್ ರೋಗಿಗಳ ರಾಷ್ಟ್ರೀಯ ಸಂಘದ ಉಪಾಧ್ಯಕ್ಷರಾಗಿದ್ದ ಅವರು 1971ರ ನವೆಂಬರ್ 4ರಂದು ಪ್ರತಿನಿಧಿ ಸಭೆಯ ಸಮಿತಿಯೊಂದರ ಮುಂದೆ ಹಾಜರಾಗಿ, ಯಂತ್ರಕ್ಕೆ ಜೋಡಿಸಿಕೊಂಡೇ ಸಾಕ್ಷ್ಯ ನುಡಿದರು. ಅವರಿಗೆ ಆಗ 43 ವರ್ಷ. ಇಬ್ಬರು ಮಕ್ಕಳ ತಂದೆ. ಮಾರಾಟ ಪ್ರತಿನಿಧಿಯಾಗಿದ್ದ ಅವರು ಡಯಾಲಿಸಿಸ್ ಸಾಮಗ್ರಿಯ ಖರ್ಚಿಗಾಗಿ ಬೇರೊಂದು ಕಂಪನಿಯ ಸರಕನ್ನೂ ಮಾರಲು ಹೋಗಿ, ಅದು ತಿಳಿದು ಇದ್ದ ನೌಕರಿಯನ್ನೂ ಕಳೆದುಕೊಂಡಿದ್ದರು. ರೋಗಕ್ಕಿಂತ ಅದರ ಖರ್ಚು ಸಂಸಾರವನ್ನು ಹೇಗೆ ಮುರಿಯುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿರಲಿಲ್ಲ.

ಮರುವರ್ಷ ಸೆಪ್ಟೆಂಬರ್ 30ರ ಶನಿವಾರ ಇಂಡಿಯಾನಾದ ಸೆನೆಟರ್ ವ್ಯಾನ್ಸ್ ಹಾರ್ಟ್‌ಕೆ ಅವರು ತಂದ ತಿದ್ದುಪಡಿಯನ್ನು ಸೆನೆಟ್ ಅರ್ಧ ಗಂಟೆಯಷ್ಟು ಚರ್ಚಿಸಿ, 52-3 ಮತಗಳಿಂದ ಅಂಗೀಕರಿಸಿತು. ಅಕ್ಟೋಬರ್ 30ರಂದು ಅಧ್ಯಕ್ಷ ನಿಕ್ಸನ್ ಅಂಕಿತ ಹಾಕಿದರು. ವೃದ್ಧರಿಗೆಂದು ಆರಂಭವಾಗಿದ್ದ 'ಮೆಡಿಕೇರ್' ಸರ್ಕಾರಿ ವಿಮೆ 1973ರ ಜುಲೈ 1ರಿಂದ ಯಾವುದೇ ವಯಸ್ಸಿನ ಮೂತ್ರಪಿಂಡ ರೋಗಿಗೂ ದೊರೆಯತೊಡಗಿತು. ಡಯಾಲಿಸಿಸ್‌ಗೂ ಮೂತ್ರಪಿಂಡ ಕಸಿಗೂ ಸರ್ಕಾರವೇ ಹಣ ಕೊಟ್ಟಿತು.

ಯಕೃತ್ತಿಗೆ ಮುಂಗಡ

ಆದರೆ ಕಾಯ್ದೆ ಹೇಳಿದ್ದು ಮೂತ್ರಪಿಂಡದ ಮಾತನ್ನು ಮಾತ್ರ. ಯಕೃತ್ತು ಅಥವಾ ಹೃದಯ ಕೆಟ್ಟವರು ಹಳೆಯ ಸ್ಥಿತಿಯಲ್ಲೇ ಉಳಿದರು. ಡಾ. ಥಾಮಸ್ ಸ್ಟಾರ್ಜಲ್ ಅವರು 1967ರಲ್ಲೇ ಯಕೃತ್ತಿನ ಕಸಿಯಲ್ಲಿ ಯಶಸ್ಸು ಕಂಡಿದ್ದರೂ ವಿಮಾ ಕಂಪನಿಗಳು ಅದನ್ನು ಪ್ರಯೋಗವೆಂದು ಕರೆದು ಹಣ ನಿರಾಕರಿಸುತ್ತಿದ್ದವು. ಅದು ಪ್ರಯೋಗವಲ್ಲ, ಚಿಕಿತ್ಸೆ ಎಂದು ತಜ್ಞರ ಸಮ್ಮೇಳನವೊಂದು ಘೋಷಿಸಿದ್ದು 1983ರ ಜೂನ್‌ನಲ್ಲಿ. ಅದೇ ವರ್ಷ ಸೈಕ್ಲೋಸ್ಪೋರಿನ್ ಎಂಬ ಔಷಧಿಗೂ ಅನುಮತಿ ದೊರೆಯಿತು. ಹೊರಗಿನ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಈ ಔಷಧಿಯಿಂದ ಕಸಿಯ ಯಶಸ್ಸು ಬಹಳ ಹೆಚ್ಚಿತು. ಅದರೊಂದಿಗೆ ಹಣ ಬೇಡುವವರ ಸಂಖ್ಯೆಯೂ ಹೆಚ್ಚಿತು.

1982ರ ಅಕ್ಟೋಬರ್‌ನಲ್ಲಿ ಮಸಾಚುಸೆಟ್ಸ್‌ನ ತಂದೆಯೊಬ್ಬ ಮಕ್ಕಳ ವೈದ್ಯರ ಸಮ್ಮೇಳನದ ವೇದಿಕೆಯೇರಿ, ವರ್ಷ ತುಂಬದ ಮಗಳಿಗೊಂದು ಯಕೃತ್ತು ಹುಡುಕಿಕೊಡಿ ಎಂದು ಮೊರೆಯಿಟ್ಟ. ಕೆಲವೇ ದಿನಗಳಲ್ಲಿ ಅಂಗ ಸಿಕ್ಕಿ ಮಿನೆಸೋಟದಲ್ಲಿ ಕಸಿ ನಡೆಯಿತು. ಮರುವರ್ಷ ಅಧ್ಯಕ್ಷ ರೇಗನ್ ಅವರೇ ರೇಡಿಯೋ ಭಾಷಣದಲ್ಲಿ ಇನ್ನೊಂದು ಮಗುವಿಗಾಗಿ ಕೇಳಿಕೊಂಡರು. ಪತ್ರಿಕೆಯಲ್ಲಿ ಭಾವಚಿತ್ರ ಬಂದ ಮಗುವಿಗೆ ಅಂಗವೂ ಹಣವೂ ಸಿಗುತ್ತದೆ, ಉಳಿದವರ ಗತಿಯೇನು ಎಂಬ ಪ್ರಶ್ನೆ ಆಗ ಬಲವಾಯಿತು. ಆಲ್ ಗೋರ್ ಮತ್ತು ಓರಿನ್ ಹ್ಯಾಚ್ ಅವರು ಮುಂದಾಗಿ ರೂಪಿಸಿದ ರಾಷ್ಟ್ರೀಯ ಅಂಗಾಂಗ ಕಸಿ ಕಾಯ್ದೆ 1984ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಅಂಗಗಳ ಮಾರಾಟ ಅಪರಾಧವಾಯಿತು. ಹಂಚಿಕೆಗೆ ದೇಶಕ್ಕೆಲ್ಲ ಒಂದೇ ಪಟ್ಟಿ ಬಂತು.

ಆದರೆ ಪಟ್ಟಿಯಲ್ಲಿ ಹೆಸರು ಸೇರಿಸಲೂ ಹಣ ತೋರಿಸಬೇಕಿತ್ತು. ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಊರಿನವರು ತಮ್ಮೂರಿನ ಪುಟ್ಟ ಮಗುವೊಂದರ ಹೆಸರನ್ನು ಯಕೃತ್ತಿನ ಪಟ್ಟಿಗೆ ಸೇರಿಸಲು ಒಂದು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. ಅಂಗ ದೊರೆಯುವ ಮೊದಲೇ ಮಗು ತೀರಿಕೊಂಡಿತು. ಊರಿನವರು ಆ ಹಣವನ್ನು ಬೇರೆ ಸಂಸಾರಗಳಿಗೆಂದು ಮೀಸಲಿಟ್ಟು 1986ರಲ್ಲಿ ಮಕ್ಕಳ ಅಂಗಾಂಗ ಕಸಿಗೆ ನೆರವಾಗುವ ಸಂಸ್ಥೆಯೊಂದನ್ನು ಕಟ್ಟಿದರು.

ಒರೆಗಾನ್‌ನ ಲೆಕ್ಕ

1987ರಲ್ಲಿ ಒರೆಗಾನ್ ರಾಜ್ಯ ಬಡವರ ವಿಮೆಯಿಂದ ಹೃದಯ, ಯಕೃತ್ತು, ಅಸ್ಥಿಮಜ್ಜೆ ಮುಂತಾದ ಕಸಿಗಳನ್ನು ಕೈಬಿಟ್ಟಿತು. ಕೆಲವೇ ಮಂದಿಯ ಕಸಿಗೆ ತಗಲುವ ಹಣದಲ್ಲಿ ಸಾವಿರಕ್ಕೂ ಹೆಚ್ಚು ಬಡ ಗರ್ಭಿಣಿಯರಿಗೆ ಆರೈಕೆ ಕೊಡಬಹುದು ಎಂಬುದು ಅದರ ವಾದ. ಆ ವರ್ಷವೇ ರಕ್ತದ ಕ್ಯಾನ್ಸರ್ ಪೀಡಿತ ಏಳು ವರ್ಷದ ಬಾಲಕನೊಬ್ಬನಿಗೆ ಅಸ್ಥಿಮಜ್ಜೆಯ ಕಸಿ ಬೇಕಾಯಿತು. ಖರ್ಚು ಸುಮಾರು ಒಂದು ಲಕ್ಷ ಡಾಲರ್. ಮನೆಯವರು ಜನರ ಬಳಿ ಹೋಗಿ ಅದರ ದೊಡ್ಡ ಪಾಲನ್ನು ಕೂಡಿಸಿದ್ದರು. ಪೂರ್ತಿಯಾಗುವ ಮೊದಲೇ, ಡಿಸೆಂಬರ್‌ನಲ್ಲಿ, ಬಾಲಕ ತೀರಿಕೊಂಡ.

ಟೀಕೆಗಳ ಸುರಿಮಳೆಯಾಯಿತು. ಸ್ವತಃ ವೈದ್ಯರಾಗಿದ್ದ ರಾಜ್ಯ ಸೆನೆಟ್ ಅಧ್ಯಕ್ಷ ಜಾನ್ ಕಿಟ್ಝಾಬರ್ ಅವರು ನಿರ್ಧಾರವನ್ನು ಸಮರ್ಥಿಸಿಕೊಂಡರು. ಇರುವ ಹಣದಲ್ಲಿ ಯಾವ ಚಿಕಿತ್ಸೆ ಮೊದಲು ಎಂಬುದನ್ನು ಎಲ್ಲರೆದುರು ನಿರ್ಧರಿಸಬೇಕೆಂಬುದು ಅವರ ನಿಲುವು. ಚಿಕಿತ್ಸೆಗಳನ್ನು ಕ್ರಮವಾಗಿ ಪಟ್ಟಿಮಾಡಿ, ಹಣ ಸಾಲುವವರೆಗೆ ಎಲ್ಲ ಬಡವರಿಗೂ ಕೊಡುವ ಯೋಜನೆ 1994ರಲ್ಲಿ ಅಲ್ಲಿ ಜಾರಿಯಾಯಿತು. ಕಿಟ್ಝಾಬರ್ ಅವರ ವಾದದಲ್ಲಿ ಹುರುಳಿತ್ತು. ಆದರೆ ಆ ಬಾಲಕನ ಮನೆಯವರಿಗೆ ಅದು ಉತ್ತರವಾಗುವಂತಿರಲಿಲ್ಲ.

ಕಸಿಯ ನಂತರ

ಈ ಚರಿತ್ರೆಯಲ್ಲಿ ಎಲ್ಲರೂ ಮರೆತ ಭಾಗವೊಂದಿದೆ. ಕಸಿ ಮಾಡಿಸಿಕೊಂಡವರು ಅಂಗ ತಿರಸ್ಕಾರವಾಗದಂತೆ ತಡೆಯುವ ಔಷಧಿಯನ್ನು ಆ ಅಂಗ ಇರುವವರೆಗೂ ದಿನವೂ ಸೇವಿಸಬೇಕು. ಬಿಟ್ಟರೆ ಅಂಗ ಹೋಗುತ್ತದೆ. ಶಸ್ತ್ರಚಿಕಿತ್ಸೆಗೆ ಹಣ ಕೊಡುವವರು ಬಹಳ. ಮೂರನೆಯ ವರ್ಷದ ಮಾತ್ರೆಗೆ ಕೊಡುವವರು ವಿರಳ. 1972ರ ಕಾಯ್ದೆಗೂ ಇದು ತಿಳಿದಿರಲಿಲ್ಲ. 1987ರಿಂದ ಒಂದು ವರ್ಷದ ಔಷಧಿಗೆ ಹಣ ಸಿಗತೊಡಗಿ, 1990ರ ದಶಕದಲ್ಲಿ ಅದು ಮೂರು ವರ್ಷಕ್ಕೆ ಏರಿತು. 2000ದಲ್ಲಿ ವೃದ್ಧರಿಗೂ ಅಂಗವಿಕಲರಿಗೂ ಕಾಲಮಿತಿ ತೆಗೆಯಲಾಯಿತು. ಉಳಿದವರಿಗೆ ಮೂರು ವರ್ಷದ ನಂತರ ವಿಮೆಯೇ ನಿಲ್ಲುತ್ತಿತ್ತು.

ಇದರ ಪರಿಣಾಮ ವಿಪರೀತವಾಗಿತ್ತು. ಮಾತ್ರೆ ಕೊಳ್ಳಲಾಗದೆ ಕಸಿ ಮಾಡಿದ ಮೂತ್ರಪಿಂಡ ಕಳೆದುಕೊಂಡವರು ಮತ್ತೆ ಡಯಾಲಿಸಿಸ್‌ಗೆ ಬರುತ್ತಿದ್ದರು. ಮಾತ್ರೆಗಿಂತ ಬಹಳ ದುಬಾರಿಯಾದ ಡಯಾಲಿಸಿಸ್‌ಗೆ ಅದೇ ಸರ್ಕಾರ ಹಣ ಕೊಡುತ್ತಿತ್ತು. ಈ ತಪ್ಪನ್ನು ತಿದ್ದುವ ಕಾಯ್ದೆ 2020ರ ಡಿಸೆಂಬರ್‌ನಲ್ಲಿ ಬಂದು, 2023ರ ಜನವರಿ 1ರಿಂದ ಜಾರಿಗೊಂಡಿತು. ಗ್ಲೇಝರ್ ಅವರ ಸಾಕ್ಷ್ಯದಿಂದ ಲೆಕ್ಕ ಹಾಕಿದರೆ ಅರ್ಧ ಶತಮಾನ ಕಳೆದಿತ್ತು.

ನಮ್ಮಲ್ಲಿ

ಭಾರತದಲ್ಲಿ ಜೀವಂತ ದಾನಿಯ ಮೂತ್ರಪಿಂಡದ ಕಸಿ ಮೊದಲು ಯಶಸ್ವಿಯಾದದ್ದು 1971ರಲ್ಲಿ, ವೆಲ್ಲೂರಿನಲ್ಲಿ. 1994ರಲ್ಲಿ ಬಂದ ಮಾನವ ಅಂಗಾಂಗ ಕಸಿ ಕಾಯ್ದೆ ಅಂಗಗಳ ವ್ಯಾಪಾರವನ್ನು ನಿಷೇಧಿಸಿತು. ಖರ್ಚು ಯಾರು ಭರಿಸಬೇಕೆಂದು ಅದು ಹೇಳಲಿಲ್ಲ. ದೇಶವಿಭಜನೆಯ ನಿರಾಶ್ರಿತರಿಗೆಂದು 1948ರಲ್ಲಿ ಆರಂಭವಾದ ಪ್ರಧಾನಮಂತ್ರಿಗಳ ಪರಿಹಾರ ನಿಧಿಯಿಂದ ಮೂತ್ರಪಿಂಡ ಕಸಿಗೂ ಒಂದಷ್ಟು ನೆರವು ಸಿಗುವಂತಾಯಿತು. ಕರ್ನಾಟಕದ 2018ರ ಆಯವ್ಯಯದಲ್ಲಿ ಬಡ ರೋಗಿಗಳ ಹೃದಯ, ಯಕೃತ್ತು ಮತ್ತು ಮೂತ್ರಪಿಂಡ ಕಸಿಗೆಂದೇ ಹಣ ಇಡಲಾಯಿತು.

ಆದರೂ ಬಹುಪಾಲು ಸಂಸಾರಗಳಿಗೆ ಮೊದಲ ಆಸರೆ ನೆಂಟರಿಷ್ಟರು ಮತ್ತು ಊರು. ಕನ್ನಡ ಪತ್ರಿಕೆಗಳಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆಯೊಂದಿಗೆ ಬರುವ ನೆರವಿನ ಮನವಿಗಳು, ಕರಾವಳಿಯ ಸಹಾಯಾರ್ಥ ಯಕ್ಷಗಾನಗಳು, ಉಡುಪಿಯ ಕೃಷ್ಣಾಷ್ಟಮಿಯಲ್ಲಿ ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ಹಣ ಸಂಗ್ರಹಿಸುವ ಯುವಕರು, ಇವೆಲ್ಲ ಅದೇ ಚರಿತ್ರೆಯ ನಮ್ಮ ಪುಟಗಳು. ನಮ್ಮಲ್ಲಿ ಅಂಗ ಕೊಡುವವರೂ ಹೆಚ್ಚಾಗಿ ಮನೆಯವರೇ, ಅವರಲ್ಲೂ ತಾಯಿ, ಹೆಂಡತಿಯರೇ ಅಧಿಕ. ದಾನಿ ಚೇತರಿಸಿಕೊಳ್ಳುವವರೆಗಿನ ಕೂಲಿಯೂ ಮನೆಗೆ ನಷ್ಟ.

ಹೀಗಿರುವಾಗ ಅಮೆರಿಕದ ಅನುಭವದಿಂದ ಕಲಿಯಬಹುದಾದದ್ದು ಒಂದಿದೆ. ಮನವಿಯಲ್ಲಿ ಕೇಳುವ ಮೊತ್ತ ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ಮುಗಿಯಬಾರದು. ತಪಾಸಣೆ, ದಾನಿಯ ಆರೈಕೆ, ಮುಂದಿನ ವರ್ಷಗಳ ಔಷಧಿ, ಎಲ್ಲವೂ ಅದರಲ್ಲಿ ಸೇರಬೇಕು. ಸರ್ಕಾರದ ನೆರವಿಗೂ ಇದೇ ಮಾತು ಅನ್ವಯಿಸುತ್ತದೆ. ಕಸಿಗೆ ಹಣ ಕೊಟ್ಟು ಔಷಧಿಗೆ ಕೊಡದಿದ್ದರೆ, ದಾನಿ ಕೊಟ್ಟ ಅಂಗವೂ ಊರು ಕೊಟ್ಟ ಹಣವೂ ಒಟ್ಟಿಗೇ ಹೋಗುತ್ತವೆ.