ಕೋಲ್ಕತ್ತಾ ಎಂಬ ನಮೂದು

ಕಂಪ್ಯೂಟರಿನ ಮಟ್ಟಿಗೆ ಕಾಲವೆಂದರೆ ಒಂದು ಎಣಿಕೆ: ಗ್ರೀನ್‌ವಿಚ್ ಲೆಕ್ಕದಲ್ಲಿ 1970ರ ಜನವರಿ 1 ಹುಟ್ಟಿದ ಮಧ್ಯರಾತ್ರಿಯಿಂದ ಕಳೆದ ಸೆಕೆಂಡುಗಳು. ಯುನಿಕ್ಸ್ ಹಾಕಿಕೊಟ್ಟ ಪದ್ಧತಿ ಇದು. ಆ ಸೊನ್ನೆಯ ಗಳಿಗೆಯಲ್ಲಿ ಭಾರತದಲ್ಲಿ ಬೆಳಗಿನ ಜಾವ 5.30. ದಿನಾಂಕ ತುಂಬಬೇಕಾದ ಜಾಗದಲ್ಲಿ ಸೊನ್ನೆ ಉಳಿದುಬಿಟ್ಟರೆ ಇಲ್ಲಿನ ಪರದೆಯ ಮೇಲೆ ‘1-1-1970, 5.30’ ಎಂದು ಮೂಡುವುದು ಅದಕ್ಕೇ. ಈ ಎಣಿಕೆಯನ್ನು ಊರಿನ ಗಡಿಯಾರಕ್ಕೆ ತಿರುಗಿಸುವುದು ಮೇಲುನೋಟಕ್ಕೆ ಕೂಡಿ ಕಳೆಯುವ ಲೆಕ್ಕ. ಒಳಹೊಕ್ಕರೆ ಅದು ಸರಕಾರಿ ಆಜ್ಞೆಗಳ ಚರಿತ್ರೆ.

ಮೊದಮೊದಲ ಯುನಿಕ್ಸ್‌ನಲ್ಲಿ ಅಮೆರಿಕದ ಬೇಸಿಗೆ ಸಮಯದ ನಿಯಮಗಳನ್ನು ಪ್ರೋಗ್ರಾಮಿನೊಳಗೇ ಬರೆದಿಡುತ್ತಿದ್ದರು. ಕಾನೂನು ಬದಲಾದರೆ ಪ್ರೋಗ್ರಾಮನ್ನೇ ತಿದ್ದಬೇಕು. 1980ರ ದಶಕದ ಮಧ್ಯದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ನಿಯಮಗಳನ್ನು ಹೊರತೆಗೆದು ಬೇರೆ ಕಡತದಲ್ಲಿಟ್ಟರು. ಇಂದು ಮೊಬೈಲಿನಿಂದ ಹಿಡಿದು ದೊಡ್ಡ ಸರ್ವರುಗಳವರೆಗೆ ಬಹುಪಾಲು ಯಂತ್ರಗಳು ನೆಚ್ಚಿರುವ ಟಿಜೆಡ್ ದತ್ತಕೋಶದ ಮೂಲ ಅದೇ. ಮುಂದೆ ಪಾಲ್ ಎಗರ್ಟ್ ಅದರ ಉಸ್ತುವಾರಿ ಹೊತ್ತರು. ನಮೂದುಗಳಿಗೆ ದೇಶದ ಹೆಸರಿಡದೆ ಊರಿನ ಹೆಸರಿಟ್ಟದ್ದು ಜಾಣತನ. ಗಡಿಗಳಷ್ಟು ಬೇಗ ಊರುಗಳು ಬದಲಾಗುವುದಿಲ್ಲ.

ಭಾರತಕ್ಕೆ ಸಿಕ್ಕಿದ್ದು ಒಂದೇ ನಮೂದು, ‘ಏಷ್ಯಾ/ಕೋಲ್ಕತ್ತಾ’. ಅದರ ಸಾಲುಗಳು ಹಳೆಯ ದಫ್ತರಿನಂತಿವೆ. ಮೊದಲು ಊರಿನ ಸ್ಥಳೀಯ ಕಾಲ, ಗ್ರೀನ್‌ವಿಚ್‌ಗಿಂತ 5 ಗಂಟೆ 53 ನಿಮಿಷ 28 ಸೆಕೆಂಡು ಮುಂದೆ. 1870ರಿಂದ ಮದ್ರಾಸ್ ಸಮಯ, 5 ಗಂಟೆ 21 ನಿಮಿಷ 10 ಸೆಕೆಂಡು; ರೈಲುಗಳು ನಂಬಿ ಓಡುತ್ತಿದ್ದದ್ದು ಇದನ್ನೇ. 1906ರ ಜನವರಿ 1ರಿಂದ ಇಡೀ ದೇಶಕ್ಕೆ ಅಧಿಕೃತವಾಗಿ ಒಂದೇ ಐದೂವರೆ ಗಂಟೆ.

ಮೊದಲ ಸಾಲು ಇಂದಿಗೂ ಕಾಟ ಕೊಡುತ್ತದೆ. ಪೈಥಾನಿನ ‘ಪೈ-ಟಿಜೆಡ್’ ಗ್ರಂಥಾಲಯದಲ್ಲಿ ಕೋಲ್ಕತ್ತಾ ವಲಯವನ್ನು ದಿನಾಂಕಕ್ಕೆ ನೇರವಾಗಿ ಅಂಟಿಸಿದರೆ ಅದು ಪಟ್ಟಿಯ ತಲೆಯ ಸಾಲನ್ನೇ ಹಿಡಿದುಕೊಂಡು 5.53 ಎನ್ನುತ್ತದೆ. ಹತ್ತು ಗಂಟೆಗೆಂದು ಬರೆದ ಸಭೆ 9.37ಕ್ಕೆ ಜಾರುತ್ತದೆ. ಇಪ್ಪತ್ತಮೂರು ನಿಮಿಷದ ವ್ಯತ್ಯಾಸ ಕಂಡು ತಲೆ ಕೆರೆದುಕೊಳ್ಳುವ ಪ್ರೋಗ್ರಾಮರಿಗೆ, ತಾನು ಹತ್ತೊಂಬತ್ತನೆಯ ಶತಮಾನದ ಗಡಿಯಾರ ನೋಡುತ್ತಿದ್ದೇನೆಂದು ಹೊಳೆಯುವುದು ತಡವಾಗಿ.

ದತ್ತಕೋಶದ ಕಟ್ಟಳೆಯಂತೆ 1970ರಿಂದೀಚೆಗೆ ಗಡಿಯಾರಗಳು ಹೊಂದಿಕೊಂಡಿರುವ ಪ್ರದೇಶಕ್ಕೆ ಒಂದು ನಮೂದು ಸಾಕು. ಬೆಂಗಳೂರಿನವರೂ ಕೋಲ್ಕತ್ತಾವನ್ನೇ ಆರಿಸಬೇಕಾಗಿ ಬಂದದ್ದು ಹೀಗೆ. ಅದರಲ್ಲಿ ನಷ್ಟವೇನಿಲ್ಲ, ನಷ್ಟವಾದದ್ದು ಮುಂಬಯಿಯ ಚರಿತ್ರೆಗೆ. ಆ ನಗರದಲ್ಲಿ 4 ಗಂಟೆ 51 ನಿಮಿಷದ ಬಾಂಬೆ ಟೈಮ್ 1955ರವರೆಗೆ ಬದುಕಿತ್ತು. ನಮೂದಿನಲ್ಲಿ ಅದರ ಸುಳಿವಿಲ್ಲ. ನಗರದ 1920ರ ಒಂದು ಹೊತ್ತನ್ನು ಪ್ರೋಗ್ರಾಮಿಗೆ ಕೊಟ್ಟರೆ ಅದು ಅಳುಕಿಲ್ಲದೆ ಐದೂವರೆ ಗಂಟೆಯ ಲೆಕ್ಕ ಹಾಕುತ್ತದೆ.

ಕಲ್ಕತ್ತಾ 2001ರಲ್ಲಿ ಕೋಲ್ಕತ್ತಾ ಆಯಿತು, ಕೆಲವು ವರ್ಷಗಳ ನಂತರ ದತ್ತಕೋಶವೂ ಹೆಸರು ತಿದ್ದಿಕೊಂಡಿತು. ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು ‘ಏಷ್ಯಾ/ಕಲ್ಕತ್ತಾ’ವನ್ನೂ ಅಡ್ಡಹೆಸರಾಗಿ ಉಳಿಸಲಾಗಿದೆ.

2011ರಲ್ಲಿ ಆಸ್ಟ್ರೋಲೇಬ್ ಎಂಬ ಜ್ಯೋತಿಷ್ಯ ತಂತ್ರಾಂಶದ ಕಂಪನಿ ಓಲ್ಸನ್ ಮತ್ತು ಎಗರ್ಟ್ ಮೇಲೆ ದಾವೆ ಹೂಡಿತು. ಹಳೆಯ ಕಾಲವಲಯಗಳ ಮಾಹಿತಿ ತನ್ನ ಹಕ್ಕಿನದೆಂಬುದು ಅದರ ವಾದ. ಮರುವರ್ಷ ದಾವೆ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ದತ್ತಕೋಶ ಇಂಟರ್ನೆಟ್ ವಿಳಾಸಗಳನ್ನು ನೋಡಿಕೊಳ್ಳುವ ಐಯಾನಾ ಸಂಸ್ಥೆಯ ಆಶ್ರಯ ಸೇರಿತ್ತು.

ಜಾತಕಕ್ಕೂ ಈ ಕಡತಕ್ಕೂ ಇರುವ ನಂಟು ಭಾರತದಲ್ಲೂ ಉಂಟು. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ 15ರವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಕೋಲ್ಕತ್ತಾ ನಮೂದಿನಲ್ಲಿ ಆ ಸಾಲು ಇದೆ, ಜೋಯಿಸರಿಗೂ ಅದು ಗೊತ್ತು. 1943ರಲ್ಲಿ ಬೆಳಿಗ್ಗೆ 8 ಗಂಟೆಗೆ ಹುಟ್ಟಿತೆಂದು ಬರೆದಿಟ್ಟ ಮಗುವಿಗೆ ಇಬ್ಬರ ಲೆಕ್ಕದಲ್ಲೂ ಜನನ 7 ಗಂಟೆಗೇ.