ನಾಗರಖಂಡದ ಶಾಸನಗಳಲ್ಲಿ ಭಾಷೆ, ವಿದ್ಯೆ ಮತ್ತು ಆಡಳಿತ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಸೊರಬ ಸೀಮೆಗೆ ಸಮೀಪವಾಗಿರುವ ಬಂದಳಿಕೆಯು ಶಾಂತಿನಾಥ ಬಸದಿ, ಸೋಮೇಶ್ವರ ಮತ್ತು ತ್ರಿಮೂರ್ತಿ ದೇವಾಲಯಗಳಿಂದಾಗಿ ಶಿಲ್ಪಾಭ್ಯಾಸಿಗಳಿಗೆ ಪರಿಚಿತವಾದ ಸ್ಥಳ. ಬನವಾಸಿ ಪನ್ನಿರ್ಛಾಸಿರಕ್ಕೆ ಸೇರಿದ ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಇದು ಒಂದು ಕಾಲದಲ್ಲಿ ರಾಜಧಾನಿಯಾಗಿದ್ದಿತು. ಶಾಸನಗಳಲ್ಲಿ ಇದರ ಹೆಸರು ಎರಡು ಬಗೆಯಾಗಿ ಬರುತ್ತದೆ: ನಾಡವರ ಬಾಯಲ್ಲಿ ಬಂದಣಿಕೆ, ಸಂಸ್ಕೃತದ ಮಡಿಯುಟ್ಟಾಗ ಬಾಂಧವಪುರ. ಬಳ್ಳಿಗಾವೆ ಬಲಿಪುರವಾದುದೂ, ಬನವಾಸಿ ವೈಜಯಂತಿಯಾದುದೂ ಇದೇ ರೀತಿಯಿಂದ. ಒಂದೇ ಊರು, ಒಂದೇ ಕಲ್ಲು, ಎರಡು ಹೆಸರು. ಯಾವ ಸಂದರ್ಭದಲ್ಲಿ ಯಾವ ಭಾಷೆ ಸಲ್ಲುತ್ತದೆಂಬ ಬಗ್ಗೆ ನಮ್ಮ ಪೂರ್ವಿಕರಿಗೆ ಒಂದು ನಿಶ್ಚಿತವಾದ ಭಾವನೆಯಿದ್ದಿತೆಂಬುದಕ್ಕೆ ಇದು ಮೊದಲ ಸೂಚನೆ. ವಿದ್ಯೆಯಲ್ಲಿ, ಆಡಳಿತದಲ್ಲಿ ಆ ಭಾವನೆ ಹೇಗೆ ನಡೆದುಬಂದಿತೆಂಬುದನ್ನು ಈ ಸೀಮೆಯ ಶಾಸನಗಳ ಆಧಾರದಿಂದ ಇಲ್ಲಿ ವಿಚಾರಿಸಲಾಗಿದೆ.

ಭಾಷೆಗಳ ಸರದಿಯನ್ನು ನೋಡಬಯಸುವವರಿಗೆ ಶಿಕಾರಿಪುರ ತಾಲ್ಲೂಕಿನಷ್ಟು ಅನುಕೂಲವಾದ ಪ್ರದೇಶ ಕರ್ಣಾಟಕದಲ್ಲಿ ವಿರಳ. ಮಳವಳ್ಳಿಯ ಕಂಬದಲ್ಲಿ ಪ್ರಾಕೃತವಿದೆ. ತಾಳಗುಂದದ ಪ್ರಸಿದ್ಧ ಸ್ತಂಭದಲ್ಲಿ ಕುಬ್ಜನೆಂಬ ಕವಿ ಕದಂಬ ವಂಶದ ಕಥೆಯನ್ನು ಪ್ರೌಢವಾದ ಸಂಸ್ಕೃತದಲ್ಲಿ ಬರೆದಿದ್ದಾನೆ. ಮಯೂರಶರ್ಮನು ವಿದ್ಯಾರ್ಜನೆಗಾಗಿ ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದುದು, ಅಲ್ಲಿ ಪಲ್ಲವರ ಅಶ್ವಾರೋಹಿಯಿಂದ ಅಪಮಾನಿತನಾಗಿ ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದುದು ಅಲ್ಲಿಯೇ ನಮಗೆ ತಿಳಿದುಬರುವುದು. ಉನ್ನತ ವಿದ್ಯೆಗಾಗಿ ನಾಡನ್ನು ಬಿಟ್ಟು ದೂರ ಹೋಗಬೇಕಾದ ಅವಸ್ಥೆ ಅಂದಿನಷ್ಟು ಹಳೆಯದು. ಅದೇ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಈಚಿನ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ ಮೇಲಣ ಬರಹವು ಕನ್ನಡವನ್ನೊಳಗೊಂಡಿದ್ದು, ಅದರ ಕಾಲ ಕ್ರಿ. ಶ. ೩೭೦ರಷ್ಟು ಹಿಂದಿನದೆಂದು ಪುರಾತತ್ವ ಇಲಾಖೆಯ ಮತ. ಈ ಮತವು ನಿಂತರೆ ಹಲ್ಮಿಡಿಯ ಹಿರಿತನ ಇಲ್ಲಿಗೆ ವರ್ಗವಾಗುತ್ತದೆ. ಆದರೆ ನಮ್ಮ ವಿಚಾರಕ್ಕೆ ಹಿರಿತನದ ಪ್ರಶ್ನೆ ಅಷ್ಟು ಮುಖ್ಯವಲ್ಲ. ರಾಜವಂಶದ ಕೀರ್ತಿ ಸಂಸ್ಕೃತದಲ್ಲಿಯೂ ನೆಲದ ವ್ಯವಹಾರ ಕನ್ನಡದಲ್ಲಿಯೂ ನೆಲೆಗೊಳ್ಳುವ ಕ್ರಮ ಇಲ್ಲಿ ಬಹಳ ಮುಂಚೆಯೇ ಆರಂಭವಾಯಿತೆಂಬುದೇ ಗಮನಾರ್ಹ.

ಈಗ ವಿದ್ಯೆಯ ವಿಷಯ. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಶೈವರ ಸಂಸ್ಥೆ. ಇದರ ಕ್ರಿ. ಶ. ೧೧೬೨ರ ಶಾಸನ ಇತಿಹಾಸಾಭ್ಯಾಸಿಗಳೆಲ್ಲರಿಗೂ ಪರಿಚಿತವಾದುದು. ನಾಲ್ಕು ವೇದಗಳು, ಷಡ್ದರ್ಶನಗಳು, ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕಗಳು ಇಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದುವು. ವ್ಯಾಕರಣದಲ್ಲಿ ಕೌಮಾರ, ಪಾಣಿನೀಯಗಳ ಜೊತೆಗೆ ಶಾಕಟಾಯನವೂ ಇದೆ. ಜೈನ ವೈಯಾಕರಣನೊಬ್ಬನ ಗ್ರಂಥಕ್ಕೆ ಶೈವ ಮಠದಲ್ಲಿ ಸ್ಥಾನ ದೊರೆತುದು ಅಂದಿನ ವಿದ್ವಜ್ಜೀವನದ ಔದಾರ್ಯಕ್ಕೆ ಸಾಕ್ಷಿ. ದೀನರಿಗೂ ಅನಾಥರಿಗೂ ಅನ್ನ, ರೋಗಿಗಳಿಗೆ ಔಷಧ, ನಾನಾ ಮತಗಳ ಭಿಕ್ಷುಗಳಿಗೆ ಆಶ್ರಯ ಇವೂ ಆ ಪಟ್ಟಿಯಲ್ಲಿವೆ. ಇಷ್ಟು ದೀರ್ಘವಾದ ಪಟ್ಟಿಯಲ್ಲಿ ಕನ್ನಡವಿಲ್ಲ! ಎರಡನೆಯ ನಾಗವರ್ಮನ ಕರ್ಣಾಟಕ ಭಾಷಾಭೂಷಣವು ಆ ವೇಳೆಗಾಗಲೇ ರಚಿತವಾಗಿದ್ದಿತು. ಕನ್ನಡದ ಆ ವ್ಯಾಕರಣವೂ ಸಂಸ್ಕೃತ ಸೂತ್ರಗಳಲ್ಲಿಯೇ ಇದೆ. ಆದರೂ ಮಠದ ವ್ಯಾಕರಣಗಳ ಸಾಲಿನಲ್ಲಿ ಅದು ಸೇರಲಿಲ್ಲ. ವಿನೋದವೆಂದರೆ, ಕನ್ನಡಕ್ಕೆ ಎಡೆಯಿಲ್ಲದ ಈ ಪಾಠಪಟ್ಟಿಯನ್ನು ನಮಗೆ ಉಳಿಸಿಕೊಟ್ಟಿರುವುದು ಕನ್ನಡ ಶಾಸನವೇ.

ಕನ್ನಡಕ್ಕೆ ಶಾಲೆಯೇ ಇರಲಿಲ್ಲವೆಂದು ಇದರಿಂದ ನಿರ್ಣಯಿಸಕೂಡದು. ತಾಳಗುಂದದ ಅಗ್ರಹಾರವನ್ನು ಕುರಿತ ೧೨ನೆಯ ಶತಮಾನದ ಶಾಸನದಲ್ಲಿ ವೇದ, ವೇದಾಂತ, ವ್ಯಾಕರಣಗಳ ಅಧ್ಯಾಪನದೊಡನೆ ಬಾಲಕರ ಕನ್ನಡ ಶಿಕ್ಷಣದ ಏರ್ಪಾಡೂ ಉಕ್ತವಾಗಿದೆ. ಎಂದರೆ ಕನ್ನಡವು ಮೆಟ್ಟಿಲಿನ ಮೊದಲ ಹಂತ. ಮೇಲಿನ ಹಂತಗಳು ಸಂಸ್ಕೃತದವು. ಪ್ರಾಥಮಿಕ ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು ಎಂಬ ನಮ್ಮ ಕಾಲದ ವ್ಯವಸ್ಥೆಯನ್ನು ಬಲ್ಲ ಅಧ್ಯಾಪಕರಿಗೆ ಈ ಚಿತ್ರ ಅಪರಿಚಿತವಾಗಿ ತೋರಲಾರದು. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಮುಂದೆ ದೊಡ್ಡದೊಂದು ಭೇದವಿದೆ.

ಆ ಭೇದ ದಾನಶಾಸನಗಳ ರಚನೆಯಲ್ಲಿ ಕಾಣುತ್ತದೆ. ಆರಂಭದ ಸ್ತುತಿಶ್ಲೋಕ ಬಹುಮಟ್ಟಿಗೆ ಸಂಸ್ಕೃತದಲ್ಲಿರುತ್ತದೆ. ರಾಜನ ಬಿರುದುಗಳು ಸಮಾಸಗಳಲ್ಲಿ ಮುಳುಗಿರುತ್ತವೆ. ಭೂಮಿಯ ಪ್ರಸ್ತಾಪ ಬಂದೊಡನೆ ಭಾಷೆ ಇಳಿದು ನೆಲದ ಮೇಲೆ ನಡೆಯತೊಡಗುತ್ತದೆ. ಇಷ್ಟು ಮತ್ತರು ಗದ್ದೆ, ಇಷ್ಟು ಕಮ್ಮ ತೋಟ, ಮೂಡಲು ಹಳ್ಳ, ತೆಂಕಲು ಹುತ್ತ, ಪಡುವಲು ನಟ್ಟ ಕಲ್ಲು, ಬಡಗಲು ಕೆರೆಯ ಕೋಡಿ ಎಂಬ ಬಗೆಯ ಈ ಭಾಗವನ್ನು ಓದುವ ವಿದ್ಯಾರ್ಥಿ ಬೇಸರದಿಂದ ದಾಟಿಹೋಗುವುದುಂಟು. ನಮ್ಮ ಅಭಿಪ್ರಾಯದಲ್ಲಿ ಶಾಸನದ ಜೀವ ಇರುವುದೇ ಇಲ್ಲಿ. ವ್ಯಾಜ್ಯ ಹುಟ್ಟಿದರೆ ಸ್ತುತಿಶ್ಲೋಕವನ್ನು ಯಾರೂ ಕೇಳುವುದಿಲ್ಲ, ಎಲ್ಲೆಯನ್ನು ಕೇಳುತ್ತಾರೆ. ಆ ಎಲ್ಲೆಯನ್ನು ಬಲ್ಲವರು ಗಾವುಂಡರು, ಸೇನಬೋವರು, ಉಳುವವರು. ಕೊನೆಯ ಶಾಪವೂ ಹಾಗೆಯೇ: ಶ್ಲೋಕ ಸಂಸ್ಕೃತದಲ್ಲಿದ್ದರೂ, ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಗಲುವುದನ್ನು ಕನ್ನಡದಲ್ಲಿ ಬೇರೆಯಾಗಿ ಹೇಳಬೇಕಾಗುತ್ತಿತ್ತು. ಹೆದರಬೇಕಾದವನಿಗೆ ಅರ್ಥವಾಗಬೇಕಷ್ಟೆ. ಸೊರಬ, ಶಿಕಾರಿಪುರಗಳಲ್ಲಿ ಹೇರಳವಾಗಿರುವ ವೀರಗಲ್ಲುಗಳಲ್ಲಿ ತುರುಗೊಳ್ ಕಾಳೆಗದಲ್ಲಿ ಮಡಿದವರ ಹೆಸರು ಉಳಿದಿರುವುದೂ ಕನ್ನಡದಲ್ಲಿಯೇ.

ಬಂದಳಿಕೆಯ ಜಕ್ಕಿಯಬ್ಬೆಯ ಶಾಸನ ಇದಕ್ಕೆ ಉತ್ತಮ ನಿದರ್ಶನ. ೧೦ನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟರ ಆಳಿಕೆಯಲ್ಲಿ, ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು, ಆ ಅಧಿಕಾರ ಅವನ ಹೆಂಡತಿಯಾದ ಜಕ್ಕಿಯಬ್ಬೆಗೆ ದತ್ತವಾಯಿತು. ಅವಳು ಸಮರ್ಥಳಾಗಿ ನಾಡನ್ನು ನಡೆಸಿ, ವ್ಯಾಧಿಗ್ರಸ್ತಳಾದಾಗ ಮಗಳಿಗೆ ಭಾರವನ್ನೊಪ್ಪಿಸಿ, ಬಂದಣಿಕೆಯ ತೀರ್ಥದ ಬಸದಿಯಲ್ಲಿ ಸಲ್ಲೇಖನದಿಂದ ಮುಡಿಪಿದಳು. ಅವಳ ಅಧಿಕಾರ, ವ್ರತ, ಮರಣ ಮೂರೂ ಕನ್ನಡದಲ್ಲಿ ದಾಖಲಾಗಿವೆ. ಕೋಡಿಯಮಠದಂತಹ ವಿದ್ಯಾಸ್ಥಾನದಲ್ಲಿ ಅವಳಿಗೆ ಪ್ರವೇಶ ದೊರೆಯುತ್ತಿತ್ತೆಂದು ಹೇಳುವುದು ಕಷ್ಟ. ಆಡಳಿತದ ಭಾಷೆ ಮಾತ್ರ ಅವಳದೇ ಆಗಿದ್ದಿತು. ಕನ್ನಡಕ್ಕೆ ಬಲ ಬಂದುದು ಪಾಠಪಟ್ಟಿಯಿಂದಲ್ಲ, ಅಧಿಕಾರದ ಕೆಲಸದಿಂದ ಎಂಬ ನಮ್ಮ ವಾದಕ್ಕೆ ಇದು ಮುಖ್ಯ ಆಧಾರ.

ಮುಂದಿನ ಶತಮಾನಗಳಲ್ಲಿ ಈ ಬಲ ಕುಂದಿತು. ಟಿಪ್ಪುವಿನ ಕಾಲದಲ್ಲಿ ಪಾರಸಿಯೂ ಆ ಬಳಿಕ ಮರಾಠಿಯೂ ಸರಕಾರದ ಲೆಕ್ಕಪತ್ರಗಳಲ್ಲಿ ಪ್ರಬಲವಾದುವು. ೧೮೩೦ರ ನಗರದ ರೈತದಂಗೆಗೆ ಭಾಷೆಯೇ ಕಾರಣವೆನ್ನುವುದು ಅತಿಶಯ; ಕಂದಾಯದ ಭಾರ, ಅಧಿಕಾರಿಗಳ ದಬ್ಬಾಳಿಕೆಗಳೇ ಪ್ರಧಾನ. ಆದರೆ ತನ್ನ ಲೆಕ್ಕವನ್ನು ತಾನು ಓದಲಾರದ ರೈತನ ಸಂಶಯ ಇಮ್ಮಡಿಯಾಗುವುದು ಸಹಜ. ಗೌಡ, ಶಾನುಭೋಗ ಎಂಬ ಮಾತುಗಳು ಶಾಸನದ ಗಾವುಂಡ, ಸೇನಬೋವರಿಂದ ಇಳಿದುಬಂದುವು. ತಹಸೀಲ್ದಾರ, ಜಮಾಬಂದಿ, ಪಹಣಿ ಎಂಬುವು ಅನಂತರ ಬಂದು ಕುಳಿತುವು. ರೈತನಿಗೆ ಹತ್ತಿರವಾದ ಹುದ್ದೆಗಳ ಹೆಸರು ಉಳಿದು ದೂರದವು ಬದಲಾದುದನ್ನು ಗಮನಿಸಬೇಕು.

ಈ ಶಾಸನಗಳನ್ನು ಪ್ರಕಟಿಸಿದ ಬಿ. ಎಲ್. ರೈಸ್ ಅವರು ಮೊದಲು ಮೈಸೂರಿನ ವಿದ್ಯಾ ಇಲಾಖೆಯಲ್ಲಿದ್ದವರು. ೧೮೬೮ರಲ್ಲಿ ಹೋಬಳಿಗೊಂದು ದೇಶಭಾಷಾ ಶಾಲೆ ಎಂಬ ಯೋಜನೆಯನ್ನು ರೂಪಿಸಿದವರೂ ಅವರೇ. ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ ೧೯೦೨ರಲ್ಲಿ ಹೊರಬಂದಿತು. ಶಿಕಾರಿಪುರದ ಶಾಸನಗಳು ಅದರಲ್ಲಿವೆ, ಸೊರಬದವು ಎಂಟನೆಯದರಲ್ಲಿ. ಹಳ್ಳಿಯ ಮಕ್ಕಳಿಗೆ ಕನ್ನಡ ಶಾಲೆಯನ್ನು ಕೊಟ್ಟವರೇ ಹಳ್ಳಿಯ ಕಲ್ಲುಗಳ ಕನ್ನಡವನ್ನೂ ಓದಿಸಿದರು. ಆದರೆ ಹೋಬಳಿ ಶಾಲೆಯಿಂದ ಹೊರಬಂದವನು ಮೇಲಿನ ಕಚೇರಿಯನ್ನು ಪ್ರವೇಶಿಸಬೇಕಾದರೆ ಇಂಗ್ಲಿಷನ್ನು ಕಲಿಯಲೇಬೇಕಾಗಿದ್ದಿತು.

ಸ್ವಾತಂತ್ರ್ಯಾನಂತರದ ಚರಿತ್ರೆಯಲ್ಲಿ ಎರಡು ಎಳೆಗಳಿವೆ. ೧೯೬೩ರ ರಾಜ್ಯಭಾಷಾ ಅಧಿನಿಯಮ ಕನ್ನಡವನ್ನು ಆಡಳಿತಕ್ಕೆ ತಂದಿತು. ಸಾರ್ವಜನಿಕ ಹೋರಾಟ ಮಾತ್ರ ಬಹುಪಾಲು ಶಾಲೆಯ ಸುತ್ತಲೇ ನಡೆಯಿತು: ೧೯೮೦ರಲ್ಲಿ ನೇಮಕವಾದ ಗೋಕಾಕ್ ಸಮಿತಿ, ೧೯೮೨ರ ಚಳವಳಿ, ಪ್ರಾಥಮಿಕ ತರಗತಿಗಳಿಗೆ ಮಾತೃಭಾಷಾ ಮಾಧ್ಯಮವನ್ನು ವಿಧಿಸಿದ ೧೯೯೪ರ ಆಜ್ಞೆ, ಅಂತಹ ವಿಧಾಯಕ ಸರಕಾರಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ೨೦೧೪ರ ಮೇ ತಿಂಗಳಲ್ಲಿ ಕೊಟ್ಟ ತೀರ್ಪು. ಮಾಧ್ಯಮವನ್ನು ಆರಿಸುವ ಹಕ್ಕು ಪೋಷಕರದೆಂದು ನಿರ್ಣಯವಾದ ಮೇಲೆ ಪ್ರಶ್ನೆ ಶಾಲೆಯ ಬಾಗಿಲಿನಿಂದ ಕಚೇರಿಯ, ನ್ಯಾಯಾಲಯದ, ಉದ್ಯೋಗದ ಬಾಗಿಲಿಗೆ ಬಂದು ನಿಂತಿದೆ. ಪೋಷಕರು ಆರಿಸುವುದು ಆ ಬಾಗಿಲುಗಳನ್ನು ನೋಡಿಕೊಂಡೇ. ಕೋಡಿಯಮಠದ ಪಟ್ಟಿಯಲ್ಲಿ ಕನ್ನಡವಿಲ್ಲದಿದ್ದರೂ ನಾಗರಖಂಡದ ಗಾವುಂಡನಿಗೆ ಕನ್ನಡ ಅನಿವಾರ್ಯವಾಗಿದ್ದಿತು. ಇಂದಿನ ಪಟ್ಟಿಯಲ್ಲಿ ಕನ್ನಡವಿದೆ, ಅನಿವಾರ್ಯತೆ ಸಂದೇಹಾಸ್ಪದವಾಗಿದೆ.

ಬಂದಳಿಕೆಗೆ ಶೈಕ್ಷಣಿಕ ಪ್ರವಾಸ ಹೋಗುವ ವಿದ್ಯಾರ್ಥಿಗಳು ಸೋಮೇಶ್ವರ ದೇವಾಲಯದ ಜಾಲಂಧ್ರಗಳಲ್ಲಿ ಕೊರೆದ ರಾಮಾಯಣ, ಭಾರತಗಳ ಕಥೆಯನ್ನು ನೋಡಿ ಹಿಂದಿರುಗುವುದು ವಾಡಿಕೆ. ಅವರು ಏಳನೆಯ ಸಂಪುಟವನ್ನೂ ಕೊಂಡೊಯ್ದು, ಯಾವುದಾದರೊಂದು ದಾನದ ಎಲ್ಲೆಯನ್ನು ಹಿಡಿದು ಹಳ್ಳ, ಕೆರೆ, ಕೋಡಿಗಳನ್ನು ನೆಲದ ಮೇಲೆ ಹುಡುಕಿ ನೋಡಬೇಕು. ಊರವರನ್ನು ಕೇಳಿದರೆ ಬಾಂಧವಪುರದ ಹೆಸರನ್ನು ಬಲ್ಲವರು ಕೆಲವರು ಸಿಗಬಹುದು. ಬಂದಳಿಕೆಯ ದಾರಿಯನ್ನು ಎಲ್ಲರೂ ತೋರಿಸುತ್ತಾರೆ.