ಹೊಗೆಗೂಡಿನೊಳಗಿನ ಹುಡುಗರು

ಇವತ್ತಿನ ಮಾತು ಚಿಮಣಿಯ ಬಗ್ಗೆ. ಉತ್ತರ ಕರ್ನಾಟಕದವರಿಗೆ ಚಿಮಣಿ ಅಂದ್ರೆ ಸೀಮೆಎಣ್ಣೆ ಬುಡ್ಡಿ. ಬೆಂಗಳೂರಿನ ಫ್ಲ್ಯಾಟಿನವರಿಗೆ ಒಗ್ಗರಣೆ ಹೊಗೆ ಎಳೆಯೋ ಯಂತ್ರ. ನಾನು ಹೇಳಹೊರಟಿರುವುದು ಮೂರನೆಯದು. ಚಳಿ ದೇಶದ ಮನೆಗಳಲ್ಲಿ ಬೆಂಕಿಗೂಡಿನಿಂದ ಮಾಡಿನವರೆಗೆ ಗೋಡೆಯೊಳಗೇ ಹಾದುಹೋಗುವ ಹೊಗೆಗೂಡು. ಅದನ್ನು ಗುಡಿಸೋಕೆ ಮಕ್ಕಳನ್ನು ಹತ್ತಿಸಬೇಡಿ ಅನ್ನೋ ಒಂದು ಮಾತನ್ನು ನಿಜವಾಗಿ ಜಾರಿಗೆ ತರೋಕೆ ಇಂಗ್ಲೆಂಡಿಗೆ 87 ವರ್ಷ ಬೇಕಾಯ್ತು.

ಗುಡಿಸಲೇಬೇಕಾ ಅಂತ ಕೇಳಬಹುದು. ಗುಡಿಸಲೇಬೇಕು. ನಮ್ಮ ಹಳೇ ಅಡುಗೆಮನೆಯ ಜಂತಿಗೆ ಇಲ್ಲಣ ಕಟ್ಟುತ್ತಿತ್ತಲ್ಲ, ಅದೇ ಥರ ಹೊಗೆಗೂಡಿನ ಒಳಗೋಡೆಗೆ ಮಸಿ ಕಟ್ಟುತ್ತೆ. ಕಟ್ಟಿಗೆ ಹೊಗೆಯಾದರೆ ತಣ್ಣಗಿನ ಗೋಡೆಗೆ ತಾಗಿ ಡಾಂಬರಿನಂಥ ಅಂಟಾಗಿ ಕೂರುತ್ತೆ. ಅದಕ್ಕೆ ಕಿಡಿ ತಾಗಿದರೆ ಇಡೀ ಗೂಡೇ ಹೊತ್ತಿ ಉರಿಯುತ್ತೆ. ದಾರಿ ಕಟ್ಟಿಕೊಂಡರೆ ಇನ್ನೂ ಕೆಟ್ಟದ್ದು: ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕೋಣೆಗೇ ವಾಪಸ್ ಬಂದು, ಮಲಗಿದವರು ಮಲಗಿದಲ್ಲೇ ಸಾಯ್ತಾರೆ.

1666ರಲ್ಲಿ ಲಂಡನ್ ಸುಟ್ಟುಹೋದ ಮೇಲೆ ಊರನ್ನು ಇಟ್ಟಿಗೆಯಲ್ಲಿ ಕಟ್ಟಿದರು. ಉರುವಲು ಕಲ್ಲಿದ್ದಲು. ಕೋಣೆಗೊಂದು ಬೆಂಕಿಗೂಡು, ಅದಕ್ಕೊಂದು ಕೊಳವೆ. ಕಲ್ಲಿದ್ದಲಿನ ಹೊಗೆ ಚೆನ್ನಾಗಿ ಎಳೆಯಲಿ ಅಂತ ಕೊಳವೆ ಸಣ್ಣ. ಸಾಮಾನ್ಯ ಅಳತೆ 14 ಇಂಚು, 9 ಇಂಚು. ಮಕ್ಕಳು ಶಾಲೆಗೆ ಒಯ್ಯುವ ಒಂದಡಿ ಸ್ಕೇಲನ್ನು ಆ 9 ಇಂಚಿನ ಅಗಲಕ್ಕೆ ಅಡ್ಡ ಹಿಡಿದರೆ ಹಿಡಿಸೋದಿಲ್ಲ. ಮೇಲಾಗಿ ಅದು ನೆಟ್ಟಗೂ ಹೋಗ್ತಿರಲಿಲ್ಲ, ತಿರುವಿನ ಮೇಲೆ ತಿರುವು. ದೊಡ್ಡವರ ಭುಜ ತೂರದ ಆ ಜಾಗಕ್ಕೆ ಐದಾರು ವರ್ಷದ ಹುಡುಗರನ್ನು ಹತ್ತಿಸಿದರು.

ಬಡವರ ಮಕ್ಕಳು, ಅನಾಥರು. ಕೆಲಸ ಕಲಿಸ್ತೀವಿ ಅನ್ನೋ ಕರಾರಿನ ಮೇಲೆ ಯಜಮಾನನ ಕೈಗೆ ಬರ್ತಿದ್ದರು. ಮೊಣಕಾಲು, ಮೊಣಕೈ ಗೋಡೆಗೆ ಒತ್ತಿ, ಹುಳು ತೆವಳಿದ ಹಾಗೆ ಮೇಲೇರಬೇಕು; ತಲೆಯ ಮೇಲೆ ಬ್ರಷ್ಷು. ಚರ್ಮ ಕಿತ್ತು ಬರುತ್ತಲ್ಲ, ಅದು ಗಟ್ಟಿಯಾಗಲಿ ಅಂತ ಬೆಂಕಿಯ ಪಕ್ಕ ನಿಲ್ಲಿಸಿ ಉಪ್ಪುನೀರು ತಿಕ್ಕುತ್ತಿದ್ದರು. ರಾತ್ರಿ ಹೊದಿಕೆ ಮಸಿ ತುಂಬುವ ಗೋಣಿಚೀಲವೇ. ಆ ಮಸಿ ರೈತರಿಗೆ ಗೊಬ್ಬರವಾಗಿ ಮಾರಾಟವಾಗ್ತಿತ್ತು, ಅದರ ದುಡ್ಡೂ ಯಜಮಾನನಿಗೆ. ಕಾಲು ಜಾರಿ ಮೊಣಕಾಲು ಗದ್ದಕ್ಕೆ ಸಿಕ್ಕಿಕೊಂಡರೆ ಹುಡುಗ ಮೇಲೂ ಇಲ್ಲ, ಕೆಳಗೂ ಇಲ್ಲ, ಗೋಡೆ ಒಡೆಯಬೇಕು. ಬದುಕಿ ದೊಡ್ಡವರಾದವರಿಗೆ ಇನ್ನೊಂದು ಕಾದಿತ್ತು. 1775ರಲ್ಲಿ ಪರ್ಸಿವಲ್ ಪಾಟ್ ಅನ್ನೋ ಶಸ್ತ್ರವೈದ್ಯ ಇವರ ವೃಷಣದ ಚೀಲಕ್ಕೆ ಬರ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣ ಅಂತ ಬರೆದ. ಒಂದು ಕಸುಬಿಗೂ ಕ್ಯಾನ್ಸರಿಗೂ ಇರುವ ನಂಟು ವೈದ್ಯರ ಬರಹದಲ್ಲಿ ಹೀಗೆ ಸ್ಪಷ್ಟವಾಗಿದ್ದು ಅದೇ ಮೊದಲು.

ಜೋನಸ್ ಹ್ಯಾನ್‌ವೇ ಅನ್ನೋ ವ್ಯಾಪಾರಿಯ ಹೋರಾಟದಿಂದ 1788ರಲ್ಲಿ ಕಾನೂನು ಬಂತು: ಎಂಟು ವರ್ಷದೊಳಗಿನವರನ್ನು ತಗೋಬಾರದು. ಇಲ್ಲೇ ಕಥೆಯ ಗಂಟು ಇರೋದು. ಮಸೂದೆಯಲ್ಲಿ ಇನ್ನೊಂದು ಸಾಲಿತ್ತು, ಗುಡಿಸುವ ಯಜಮಾನರು ಲೈಸೆನ್ಸ್ ಪಡೀಬೇಕು ಅಂತ. ಲಾರ್ಡ್ಸ್ ಸಭೆ ಅದನ್ನು ಹೊಡೆದುಹಾಕಿತು. ಯಾರು ಕೆಲಸ ಮಾಡಿಸ್ತಿದ್ದಾರೆ ಅನ್ನೋ ಪಟ್ಟಿಯೇ ಇಲ್ಲದ ಮೇಲೆ ಹುಡುಗನ ವಯಸ್ಸು ನೋಡೋರು ಯಾರು?

ಬೇರೆ ದಾರಿ ಇರಲಿಲ್ಲ ಅನ್ನೋ ಹಾಗೂ ಇಲ್ಲ. 1803ರಲ್ಲೇ ಜಾರ್ಜ್ ಸ್ಮಾರ್ಟ್ ಟೊಳ್ಳು ಕೋಲುಗಳನ್ನು ಹಗ್ಗಕ್ಕೆ ಪೋಣಿಸಿ, ತುದಿಗೆ ಬ್ರಷ್ ಕಟ್ಟಿದ ಸಾಧನ ಮಾಡಿದ್ದ. 1828ರಲ್ಲಿ ಜೋಸೆಫ್ ಗ್ಲಾಸ್ ಅದಕ್ಕಿಂತ ಒಳ್ಳೇದನ್ನು ಮಾಡಿದ. ಮನೆಯವರು ಏನಂದರು ಗೊತ್ತಾ? ಯಂತ್ರ ತಂದರೆ ಕಾರ್ಪೆಟ್ ಕೊಳೆಯಾಗುತ್ತೆ, ತಿರುವಿನಲ್ಲಿ ಸರಿಯಾಗಿ ಗುಡಿಸೋಲ್ಲ, ಹುಡುಗನೇ ಬರಲಿ. ತಿರುವು ಜಾಸ್ತಿ ಇದ್ದದ್ದು ದೊಡ್ಡವರ ಬಂಗಲೆಗಳಲ್ಲಿ. ಅದನ್ನು ಸರಿಪಡಿಸೋಕೆ ಅವರೇ ದುಡ್ಡು ಬಿಚ್ಚಬೇಕು. ಹುಡುಗರನ್ನು ಹತ್ತಿಸೋದು ನಿಲ್ಲಿಸಬೇಕು ಅನ್ನೋ ಮಸೂದೆಯನ್ನು 1819ರಲ್ಲಿ ಲಾರ್ಡ್ಸ್ ತಿರಸ್ಕರಿಸಿತು. ಯಜಮಾನರ ಕ್ರೌರ್ಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಮಾತ್ರ ಕಾರ್ಪೆಟ್ಟಿನ ಚಿಂತೆ ಮಾಡಿದವರ ಪಾಲು ದೊಡ್ಡದು ಅನ್ಸುತ್ತೆ.

1840ರಲ್ಲಿ 21 ವರ್ಷದೊಳಗಿನ ಯಾರೂ ಹತ್ತಬಾರದು ಅಂತಾಯ್ತು. 1864ರಲ್ಲಿ ದಂಡ ಹೆಚ್ಚಿತು. ಹುಡುಗರು ಹತ್ತುತ್ತಲೇ ಇದ್ದರು.

ಕೊನೆಗೆ 1875ರ ಫೆಬ್ರವರಿ. ಕೇಂಬ್ರಿಡ್ಜ್ ಹತ್ತಿರದ ಫುಲ್‌ಬೋರ್ನ್‌ನಲ್ಲಿ, ಮಾನಸಿಕ ರೋಗಿಗಳ ಆಸ್ಪತ್ರೆಯ ಹೊಗೆಗೂಡಿಗೆ ಇಳಿದ ಜಾರ್ಜ್ ಬ್ರೂಸ್ಟರ್ ಅನ್ನೋ ಹುಡುಗ ಒಳಗೇ ಸಿಕ್ಕಿಕೊಂಡ. ವಯಸ್ಸು ಹನ್ನೊಂದು. ಗೋಡೆ ಒಡೆದು ಹೊರಗೆ ತೆಗೆದರು, ಉಳೀಲಿಲ್ಲ. ಅವನ ಯಜಮಾನ ವಿಲಿಯಂ ವೈಯರ್‌ಗೆ ಆರು ತಿಂಗಳ ಕಠಿಣ ಸಜೆ. ವರ್ಷಗಳಿಂದ ಇದಕ್ಕಾಗಿ ಗುದ್ದಾಡ್ತಿದ್ದ ಲಾರ್ಡ್ ಶಾಫ್ಟ್ಸ್‌ಬರಿ ಈ ಸಾವನ್ನು ಮುಂದಿಟ್ಟು ಅದೇ ವರ್ಷ ಹೊಸ ಕಾನೂನು ಮಾಡಿಸಿದರು. ಅದರಲ್ಲಿದ್ದದ್ದು ಹ್ಯಾನ್‌ವೇಯ ಆ ಹಳೇ ಸಾಲೇ: ಗುಡಿಸುವವರು ಪೊಲೀಸರಿಂದ ಲೈಸೆನ್ಸ್ ಪಡೀಬೇಕು, ಕಾನೂನು ಪಾಲಿಸ್ತಿದ್ದಾರಾ ಅಂತ ಪೊಲೀಸರು ನೋಡಬೇಕು. ಅಲ್ಲಿಗೆ ಹುಡುಗರು ಹತ್ತೋದು ನಿಂತಿತು.

ಹುಡುಗರ ಕಾಲ ಮುಗಿದ ಮೇಲೆ, 1938ರಲ್ಲಿ, ಆ ಕಾಯ್ದೆಗಳನ್ನೇ ತೆಗೆದುಹಾಕಿದರು. ಹಾಗಾಗಿ ಇವತ್ತು ಇಂಗ್ಲೆಂಡಿನಲ್ಲಿ ಬ್ರಷ್ ಕೊಂಡವರೆಲ್ಲ ಚಿಮಣಿ ಗುಡಿಸುವವರೇ, ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಈಗಲೂ ಆಯಾ ಪ್ರದೇಶಕ್ಕೆ ನೇಮಿಸಿದ ಅಧಿಕಾರಯುತ ವ್ಯಕ್ತಿ ಬಂದು ಒಲೆ, ಕೊಳವೆ ನೋಡಿ ಹೋಗ್ತಾರೆ. ಗುಡಿಸೋಕೆ ಯಾರನ್ನು ಕರೀಬೇಕು ಅನ್ನೋ ಆಯ್ಕೆ ಮಾತ್ರ 2013ರಿಂದ ಮನೆಯವರದು. ಇಂಗ್ಲೆಂಡಿನ ಹಳೇ ಮನೆಯಲ್ಲಿರೋ ನಮ್ಮ ಕೇಳುಗರು ಚಳಿಗಾಲಕ್ಕೆ ಮೊದಲೇ ಕರೆಸಿ, ಕಸುಬಿನ ಸಂಘದ ಸದಸ್ಯರಾ, ವಿಮೆ ಇದೆಯಾ ಅಂತ ವಿಚಾರಿಸಿ, ಕೆಲಸ ಮುಗಿದ ಮೇಲೆ ಪ್ರಮಾಣಪತ್ರ ಇಸ್ಕೊಳ್ಳಿ. ಚಿಮಣಿಯ ತಲೆಗೆ ಮುಚ್ಚಳ ಇಲ್ಲದಿದ್ದರೆ ಒಂದು ನಿಮಿಷ ಅಂಗಳಕ್ಕೆ ಹೋಗಿ ತಲೆಯೆತ್ತಿ ನೋಡಿ. ಕೋಲಿಗೆ ಕೋಲು ಜೋಡಿಸುತ್ತಾ ಒಳಗಿನಿಂದ ತಳ್ಳಿದ ಬ್ರಷ್ ಮೇಲೆ ಇಣುಕಬೇಕು.